ಪಾಸಿಟಿವ್ ಥಿಂಕಿಂಗ್ ಅಂದ್ರೆ ಮೈ ಉರಿಯುವವರಿಗೆ ಯಾವ ಪುಸ್ತಕ?

ನಮ್ಮ ಮನೆಯಲ್ಲಿ ಯಾರಾದರೂ ಕೆಟ್ಟದ್ದು ಆಡಿದರೆ ಅಮ್ಮ ತಕ್ಷಣ "ಬಿಡ್ತು ಅನ್ನು" ಎನ್ನುತ್ತಿದ್ದರು. ಅಸ್ತು ದೇವತೆಗಳು ಮೇಲೆ ಓಡಾಡ್ತಿರ್ತಾರೆ, ಆಡಿದ್ದಕ್ಕೆಲ್ಲ ಅಸ್ತು ಅಂದುಬಿಡ್ತಾರೆ ಅನ್ನೋ ಭಯ. ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟರೆ ಏನು ಗತಿ ಅಂದರೂ ಬಿಡ್ತು ಅನ್ನಬೇಕು. ಆದರೆ ಅದೇ ಅಮ್ಮ ಬ್ಯಾಗಿನ ತಳದಲ್ಲಿ ಬೇರೆ ದುಡ್ಡು ಇಟ್ಟು, ಎರಡು ಚಪಾತಿ ಜಾಸ್ತಿ ಕಟ್ಟಿ, ದಾರಿಯ ಊರಿನಲ್ಲಿರುವ ನೆಂಟರ ನಂಬರನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಬಾಯಲ್ಲಿ ಪಾಸಿಟಿವ್, ಕೈಯಲ್ಲಿ ಪೂರ್ತಿ ನೆಗೆಟಿವ್.

ಮೋಟಿವೇಶನ್ ಪುಸ್ತಕಗಳ ಬಗ್ಗೆ ನನ್ನ ತಕರಾರು ಇಷ್ಟೇ. ಅವು ಅಮ್ಮನ ಮಾತನ್ನು ಇಟ್ಟುಕೊಂಡು ಚಪಾತಿಯನ್ನು ಬಿಟ್ಟುಬಿಟ್ಟಿವೆ.

ನಾನು ಈ ಓದಿಗೆ ಬಂದದ್ದೇ ಸಿಟ್ಟಿನಿಂದ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಸಂಬಳ ಎರಡು ತಿಂಗಳು ತಡವಾಗಿತ್ತು. ಆಗ ಒಬ್ಬ ತರಬೇತುದಾರರನ್ನು ಕರೆಸಿ ನಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸಿ "ಇವತ್ತು ಅದ್ಭುತ ದಿನ" ಎಂದು ಮೂರು ಸಲ ಕೂಗಿಸಿದರು. ಪಕ್ಕದಲ್ಲಿದ್ದ ಗೆಳೆಯ ಕೂಗಿ ಮುಗಿಸಿ, "ಅದ್ಭುತವಾಗಿ ಬಾಡಿಗೆ ಕಟ್ಟೋದು ಹೇಗೆ ಅಂತಲೂ ಹೇಳಿಬಿಡ್ಲಿ" ಅಂದ. ಅವತ್ತಿನಿಂದ ಈ ಥರದ್ದನ್ನು ಪ್ರಶ್ನಿಸುವ ಪುಸ್ತಕಗಳನ್ನು ಹುಡುಕಿ ಓದುತ್ತಾ ಬಂದೆ. ಈಗ ಪರಿಚಯದವರು "ನನಗೂ ಇದು ಆಗಿಬರಲ್ಲ, ಆದರೆ ಮನಸ್ಸು ಸರಿಯಿಲ್ಲ, ಏನು ಓದಲಿ" ಅಂತ ಕೇಳಿದಾಗ ಒಂದೇ ಹೆಸರು ಹೇಳೋಕೆ ಆಗುವುದಿಲ್ಲ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಕಬ್ಬಿಣದ ಕಡಲೆ.

ಅನುಮಾನ ಸುಮ್ನೆ ಹುಟ್ಟಿದ್ದಲ್ಲ

ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಪಾಸಿಟಿವ್ ಥಿಂಕಿಂಗ್ ಅನ್ನೋ ಹೆಸರನ್ನು ಮನೆಮಾತು ಮಾಡಿದರು. 2006ರಲ್ಲಿ ರೋಂಡಾ ಬರ್ನ್ ಅವರ 'ದಿ ಸೀಕ್ರೆಟ್' ಬಂತು. ನೀವು ಏನನ್ನು ಯೋಚಿಸುತ್ತೀರೋ ಅದನ್ನೇ ಜಗತ್ತು ನಿಮ್ಮ ಕಡೆಗೆ ಕಳಿಸುತ್ತದೆ ಅನ್ನೋದು ಅದರ ಸಾರ. ಅಂದರೆ ಅಸ್ತು ದೇವತೆಗಳೇ, ಸ್ವಲ್ಪ ವಿಜ್ಞಾನದ ಅಂಗಿ ತೊಟ್ಟು ಬಂದಿದ್ದಾರೆ.

2009ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೊಆನ್ ವುಡ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. "ನಾನು ಪ್ರೀತಿಗೆ ಅರ್ಹ" ಎನ್ನುವ ಥರದ ವಾಕ್ಯವನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿ ನೋಡಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆ ಅಭಿಪ್ರಾಯ ಇದ್ದವರಿಗೆ ಒಂಚೂರು ಹಿತವಾಯಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ಇದ್ದ ನೆಮ್ಮದಿಯೂ ಹೋಯಿತು. ಅಂದರೆ ಈ ಔಷಧ ಬೇಕಾದವರಿಗೇ ಅದು ಒಗ್ಗಲಿಲ್ಲ. ಕನ್ನಡಿ ಮುಂದೆ ನಿಂತು ಹೇಳಿಕೊಂಡು ಇನ್ನಷ್ಟು ಕುಗ್ಗಿದವರು ನೀವಾಗಿದ್ದರೆ ತಪ್ಪು ನಿಮ್ಮದಲ್ಲ.

ಅಳೆಯುವ ಕೋಲು

ಪುಸ್ತಕಗಳಿಗೆ ಹೋಗುವ ಮೊದಲು ನಾನು ಯಾವುದರಿಂದ ಅಳೆಯುತ್ತೇನೆ ಅಂತ ಹೇಳಿಬಿಡುತ್ತೇನೆ. ನಿಮ್ಮ ಕೋಲು ಬೇರೆ ಇದ್ದರೆ ಉತ್ತರವೂ ಬೇರೆ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಪುಸ್ತಕ ಹೇಳಿದ್ದು ಕೆಲಸ ಮಾಡದಿದ್ದರೆ ಬೈಗುಳ ಯಾರಿಗೆ? "ನೀನು ಸರಿಯಾಗಿ ನಂಬಲಿಲ್ಲ" ಅನ್ನೋ ಪುಸ್ತಕ ಎಂದೂ ಸೋಲುವುದಿಲ್ಲ, ಸೋಲೋದು ಓದುಗ ಮಾತ್ರ. ಅಂಥದ್ದನ್ನು ನಾನು ಪಟ್ಟಿಗೇ ಸೇರಿಸಿಲ್ಲ. ಎರಡನೆಯದು, ಮುಚ್ಚಿಟ್ಟ ಮೇಲೆ ಮಾಡಲು ಏನಾದರೂ ಇದೆಯೋ, ಬರೀ ತಲೆದೂಗಿ ಮಲಗಬೇಕೋ? ಮೂರನೆಯದು, ನಿದ್ದೆ ಬಾರದ ರಾತ್ರಿ ಎರಡು ಗಂಟೆಗೆ ತೆರೆದರೆ ಓದಿಸಿಕೊಳ್ಳುತ್ತದೆಯೋ? ಕೆಲವು ಒಳ್ಳೆ ಪುಸ್ತಕಗಳು ಮನಸ್ಸು ಚೆನ್ನಾಗಿರುವಾಗ ಮಾತ್ರ ಚೆನ್ನಾಗಿರುತ್ತವೆ. ನಾಲ್ಕನೆಯದು, ಹೇಳಿದ ಮಾತಿಗೆ ಬುಡ ಇದೆಯೋ ಇಲ್ಲವೋ. ಉಳಿದದ್ದು ದುಡ್ಡು, ಪುರುಸೊತ್ತು, ಭಾಷೆ. ಇವು ಕೊನೆಗೆ ಬಂದರೂ ಎಷ್ಟೋ ಸಲ ತೀರ್ಮಾನ ಮಾಡೋದು ಇವೇ ಅಲ್ವಾ.

ಸಿಟ್ಟು ಬಂದಿದೆ, ಅಷ್ಟೇ ಅನ್ನುವವರಿಗೆ

ಇಲ್ಲಿ ಇಬ್ಬರ ನಡುವೆ ಆಯ್ಕೆ. ಬಾರ್ಬರಾ ಎರೆನ್‌ರೈಕ್ ಮತ್ತು ಆಲಿವರ್ ಬರ್ಕ್‌ಮನ್.

ಎರೆನ್‌ರೈಕ್ ಜೀವಕೋಶಗಳ ರೋಗನಿರೋಧಕ ಶಕ್ತಿಯ ಬಗ್ಗೆ ಓದಿ ಪಿಎಚ್‌ಡಿ ಪಡೆದವರು. ಆಮೇಲೆ ಪತ್ರಕರ್ತೆ ಆದರು. ಅವರಿಗೆ ಸ್ತನ ಕ್ಯಾನ್ಸರ್ ಇದೆ ಎಂದು ಗೊತ್ತಾದಾಗ ಎದುರಾದದ್ದು ಗುಲಾಬಿ ರಿಬ್ಬನ್ನು, ಟೆಡ್ಡಿ ಬೇರು, ಮತ್ತು ಕ್ಯಾನ್ಸರ್ ಒಂದು ಉಡುಗೊರೆ ಅನ್ನುವ ಮಾತು. ನನಗೆ ಕೋಪ ಬರುತ್ತಿದೆ ಎಂದಿದ್ದಕ್ಕೆ ಇತರ ರೋಗಿಗಳೇ ಬುದ್ಧಿ ಹೇಳಿದರು. 2009ರಲ್ಲಿ ಬಂದ ಅವರ 'ಬ್ರೈಟ್-ಸೈಡೆಡ್' ಆ ಅನುಭವದಿಂದ ಶುರುವಾಗಿ, ಕೆಲಸ ಕಳೆದುಕೊಂಡವರಿಗೆ ಭಾಷಣ ಮಾರುವವರ ತನಕ, 2008ರ ಹಣಕಾಸು ಕುಸಿತದ ತನಕ ಹೋಗುತ್ತದೆ. ಬ್ರಿಟನ್ನಿನಲ್ಲಿ ಇದೇ ಪುಸ್ತಕದ ಹೆಸರು 'ಸ್ಮೈಲ್ ಆರ್ ಡೈ'. ಎರಡನ್ನೂ ಬೇರೆ ಬೇರೆ ಅಂದುಕೊಂಡು ಕೊಳ್ಳಬೇಡಿ.

ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದು, ನೋಡಲು ಬಂದವರೆಲ್ಲ "ಧೈರ್ಯವಾಗಿದ್ರೆ ಅರ್ಧ ವಾಸಿ" ಅಂದು ಹಣ್ಣು ಕೊಟ್ಟು ಹೋಗುವಾಗ ಒಳಗೊಳಗೇ ಹಲ್ಲು ಕಡಿದವರಿಗೆ ಇದರಷ್ಟು ಸಮಾಧಾನ ಕೊಡುವ ಪುಸ್ತಕ ನಾನು ಓದಿಲ್ಲ. ಬೈಗುಳದ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಮಾಡಲು ಏನಿದೆ ಅಂತ ಕೇಳಿದರೆ ಸೊನ್ನೆ. ಕೊನೆಯ ಪುಟ ಮುಗಿಸಿದಾಗ ಸಿಟ್ಟಿಗೆ ಕಾರಣ ಗೊತ್ತಿರುತ್ತದೆ, ನಾಳೆ ಬೆಳಗ್ಗೆ ಏನು ಅನ್ನೋದು ಗೊತ್ತಿರುವುದಿಲ್ಲ.

ಬರ್ಕ್‌ಮನ್ ಅವರ 'ದಿ ಆಂಟಿಡೋಟ್' 2012ರದ್ದು. ಅವರು ಗಾರ್ಡಿಯನ್ ಪತ್ರಿಕೆಯಲ್ಲಿ ಇಂಥ ಪುಸ್ತಕಗಳ ಬಗ್ಗೆಯೇ ಅಂಕಣ ಬರೆಯುತ್ತಿದ್ದವರು. ಟೆಕ್ಸಾಸ್‌ನ ಮೋಟಿವೇಶನ್ ಜಾತ್ರೆಯಿಂದ ಶುರು ಮಾಡಿ, ಮೌನ ಧ್ಯಾನದ ಶಿಬಿರ, ಮಾರುಕಟ್ಟೆಯಲ್ಲಿ ಸೋತ ವಸ್ತುಗಳನ್ನು ಜೋಡಿಸಿಟ್ಟ ಒಂದು ಉಗ್ರಾಣ, ಸತ್ತವರನ್ನು ನೆನೆಯುವ ಮೆಕ್ಸಿಕೋದ ಹಬ್ಬ, ಹೀಗೆ ಸುತ್ತುತ್ತಾರೆ. ಒಂದು ಕಡೆ ಲಂಡನ್ನಿನ ಸುರಂಗ ರೈಲಿನಲ್ಲಿ ಪ್ರತಿ ನಿಲ್ದಾಣದ ಹೆಸರನ್ನೂ ಎಲ್ಲರಿಗೂ ಕೇಳುವಂತೆ ತಾವೇ ಕೂಗುತ್ತಾರೆ. ಇದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ಜನರಿಂದ ಮಾಡಿಸುತ್ತಿದ್ದ ಅಭ್ಯಾಸ. ನಾಚಿಕೆಯಿಂದ ಸಾಯುತ್ತೇವೆ ಅಂದುಕೊಂಡದ್ದು ಎಷ್ಟು ಸುಳ್ಳು ಅಂತ ಮೈಗೆ ಗೊತ್ತಾಗಲಿ ಅಂತ. ನಮ್ಮ ಮೆಟ್ರೋದಲ್ಲಿ ಮಾಡಿ ನೋಡೋಣ ಅಂತ ಹೊರಟ ನಾನು ಒಂದು ನಿಲ್ದಾಣಕ್ಕೇ ಬಾಯಿ ಮುಚ್ಚಿದೆ.

ಇಬ್ಬರಲ್ಲಿ ಒಬ್ಬರು ಅಂದರೆ ಬಹಳ ಜನಕ್ಕೆ ಬರ್ಕ್‌ಮನ್ ಸಾಕು. ನಗಿಸುತ್ತಾ ಓದಿಸುತ್ತಾರೆ, ಮುಂದೆ ಯಾವ ಕಡೆ ಹೋಗಬೇಕು ಅನ್ನೋದಕ್ಕೆ ಕೈಮರ ತೋರಿಸುತ್ತಾರೆ. ಆದರೆ ಅದು ಪ್ರವಾಸ ಕಥನದ ಥರ. ಎಲ್ಲ ಊರನ್ನೂ ತೋರಿಸಿ ಯಾವ ಊರಲ್ಲೂ ಎರಡು ರಾತ್ರಿ ಉಳಿಸುವುದಿಲ್ಲ.

ಮಾರ್ಕ್ ಮ್ಯಾನ್ಸನ್ ಅವರ 2016ರ ಕೇಸರಿ ಬಣ್ಣದ ಪುಸ್ತಕ 'ದಿ ಸಟಲ್ ಆರ್ಟ್ ಆಫ್ ನಾಟ್ ಗಿವಿಂಗ್ ಎ ಎಫ್*ಕ್' ಅನ್ನೂ ಎಲ್ಲರೂ ಕೇಳುತ್ತಾರೆ. ಎರಡು ದಿನದಲ್ಲಿ ಮುಗಿಯುತ್ತದೆ, ಪುಸ್ತಕ ಮುಟ್ಟದ ತಮ್ಮಂದಿರಿಗೆ ಕೊಡಬಹುದು. ನನಗೆ ಅಷ್ಟಕ್ಕಷ್ಟೇ.

ಕೆಲಸ ಆಗಬೇಕು ಅನ್ನುವವರಿಗೆ

ಪರೀಕ್ಷೆ, ತೂಕ, ಸಾಲ, ಕೆಲಸ ಹುಡುಕೋದು, ಇಂಥ ಒಂದು ಗುರಿ ಎದುರಿಗಿದ್ದರೆ ನೇರವಾಗಿ ಗೇಬ್ರಿಯೆಲ್ ಎಟಿಂಗನ್ ಅವರ 'ರೀಥಿಂಕಿಂಗ್ ಪಾಸಿಟಿವ್ ಥಿಂಕಿಂಗ್' ತೆಗೆದುಕೊಳ್ಳಿ. 2014ರದ್ದು. ಅವರು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಜರ್ಮನ್ ಮನಶ್ಶಾಸ್ತ್ರಜ್ಞೆ. ಅನುಮಾನದವರಿಗೆ ಬೇಕಾದ ಆಧಾರ ಈ ಪಟ್ಟಿಯಲ್ಲಿ ಎಲ್ಲರಿಗಿಂತ ಇವರ ಹತ್ತಿರ ಜಾಸ್ತಿ ಇದೆ, ಏಕೆಂದರೆ ಹಗಲುಗನಸನ್ನು ಅವರು ದಶಕಗಳ ಕಾಲ ಅಳೆದು ನೋಡಿದ್ದಾರೆ.

ತೂಕ ಇಳಿಸಲು ಸೇರಿದ್ದ ಹೆಂಗಸರ ಮೇಲೆ ಒಂದು ವರ್ಷದ ಅಧ್ಯಯನ ಮಾಡಿದರು. ತೆಳ್ಳಗಾದ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತೇನೆ, ತಿಂಡಿ ಎದುರಿಗಿದ್ದರೂ ಎಷ್ಟು ಸುಲಭವಾಗಿ ಬೇಡ ಅನ್ನುತ್ತೇನೆ ಎಂದು ಸವಿಗನಸು ಕಂಡವರು, ಅಷ್ಟು ಸವಿಯಾಗಿ ಕಾಣದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದರು. ಕೆಲಸ ಹುಡುಕುತ್ತಿದ್ದ ಪದವೀಧರರಲ್ಲೂ ಹಾಗೇ. ಕನಸು ಹೆಚ್ಚು ಕಂಡವರಿಗೆ ಎರಡು ವರ್ಷದ ನಂತರ ಕೆಲಸದ ಕರೆಯೂ ಕಡಿಮೆ, ಸಂಬಳವೂ ಕಡಿಮೆ. ಕನಸು ಕಂಡಾಗ ಮನಸ್ಸು ಆಗಲೇ ಊಟ ಮಾಡಿದಂತೆ ಸುಮ್ಮನಾಗಿಬಿಡುತ್ತದೆ ಅನ್ನೋದು ಅವರ ವಿವರಣೆ. ಕನ್ನಡಿಯೊಳಗಿನ ಗಂಟು ಅನ್ನುತ್ತೇವಲ್ಲ, ಅದು ಸಿಕ್ಕುವುದಿಲ್ಲ ಅನ್ನೋದಷ್ಟೇ ನಷ್ಟವಲ್ಲ. ಹೊರಗಿನ ಗಂಟಿಗೆ ಕೈ ಚಾಚೋದನ್ನೂ ಅದು ಮರೆಸುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. "ಹಿಂದೆ ಇಂಥದ್ದು ಮಾಡಿದ್ದೇನೆ, ಇದೂ ನನ್ನಿಂದ ಆದೀತು" ಎಂದು ನಿರೀಕ್ಷೆ ಇಟ್ಟವರು ಅದೇ ಅಧ್ಯಯನದಲ್ಲಿ ಜಾಸ್ತಿ ತೂಕ ಇಳಿಸಿದರು. ನಿರೀಕ್ಷೆ ಬೇರೆ, ಹಗಲುಗನಸು ಬೇರೆ. ಹಾಗಾಗಿ ಈ ಪುಸ್ತಕ ಓದಿ "ನೋಡಿ, ನಿರಾಶಾವಾದವೇ ಸರಿ" ಅಂತ ಕುಣಿಯೋಕೆ ಆಗುವುದಿಲ್ಲ. ನಾನು ಕುಣಿದಿದ್ದೆ, ನಿಲ್ಲಿಸಬೇಕಾಯಿತು.

ಅವರ ವಿಧಾನದ ಹೆಸರು ವೂಪ್. ನಾಲ್ಕು ಮೆಟ್ಟಿಲು. ಏನು ಬೇಕು, ಸಿಕ್ಕರೆ ಹೇಗಿರುತ್ತದೆ, ನನ್ನೊಳಗೆ ಅಡ್ಡ ಬರೋದು ಯಾವುದು, ಅದು ಬಂದಾಗ ಏನು ಮಾಡುತ್ತೇನೆ. ಬೆಳಗ್ಗೆ ಎದ್ದು ಓದಬೇಕು ಅಂತಿರುವ ಹುಡುಗಿಗೆ ಅಡ್ಡಿ ನಿದ್ದೆಯಲ್ಲ, ಹಾಸಿಗೆಯಲ್ಲೇ ಫೋನ್ ಹಿಡಿಯೋದು ಅಂದುಕೊಳ್ಳಿ. ಆಗ "ಅಲಾರಂ ನಿಲ್ಲಿಸಿದ ಮೇಲೂ ಫೋನ್ ಕೈಯಲ್ಲೇ ಇದ್ದರೆ, ಅದನ್ನು ಅಡುಗೆಮನೆಯಲ್ಲಿಟ್ಟು ಮುಖ ತೊಳೆಯುತ್ತೇನೆ" ಎಂದು ಮೊದಲೇ ಗೊತ್ತು ಮಾಡಿಕೊಳ್ಳೋದು. ಇದು ಚಪಾತಿ ಕಟ್ಟುವ ಕೆಲಸ. ಐದು ನಿಮಿಷ ಸಾಕು, ಖರ್ಚಿಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ವಿಧಾನ ಗೊತ್ತಾದ ಮೇಲೆ ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ. ಆಧಾರ ಓದದೆ ನಂಬದವರು ಮಾತ್ರ ಕೊಳ್ಳಿ. ಇನ್ನೊಂದು ಮಿತಿ, ಅದು ಒಳಗಿನ ಅಡ್ಡಿಗೆ ಮಾತ್ರ ಹೇಳಿಮಾಡಿಸಿದ್ದು. ಸಂಬಳ ಕೊಡದ ಮಾಲೀಕನ ಮುಂದೆ ವೂಪ್ ಏನು ಮಾಡೀತು?

ಮನಸ್ಸೇ ಶತ್ರು ಆದಾಗ

ರಾತ್ರಿಯೆಲ್ಲ ಒಂದೇ ಯೋಚನೆ ಗಾಣದೆತ್ತಿನಂತೆ ಸುತ್ತುವವರಿಗೆ ಎರಡು ಪುಸ್ತಕ ಇವೆ. ಡೇವಿಡ್ ಬರ್ನ್ಸ್ ಅವರ 'ಫೀಲಿಂಗ್ ಗುಡ್' 1980ರದ್ದು, ರಸ್ ಹ್ಯಾರಿಸ್ ಅವರ 'ದಿ ಹ್ಯಾಪಿನೆಸ್ ಟ್ರ್ಯಾಪ್' 2007ರದ್ದು. ಇಬ್ಬರೂ ವೈದ್ಯರು. ಆದರೆ ದಾರಿ ಉಲ್ಟಾ.

ಬರ್ನ್ಸ್ ಅವರದು ವಕೀಲರ ದಾರಿ. ಆರನ್ ಬೆಕ್ ಕಟ್ಟಿದ ಕಾಗ್ನಿಟಿವ್ ಥೆರಪಿಯನ್ನು ಜನರಿಗೆ ಅರ್ಥವಾಗುವಂತೆ ಬರೆದರು. ಬಂದ ಯೋಚನೆಯನ್ನು ಕಾಗದದ ಮೇಲೆ ಬರೆಯಿರಿ, ಅದರಲ್ಲಿ ಯಾವ ಸೊಟ್ಟ ಇದೆ ಗುರುತಿಸಿ, ಪಕ್ಕದಲ್ಲಿ ನಿಜಕ್ಕೆ ಹತ್ತಿರವಾದ ಉತ್ತರ ಬರೆಯಿರಿ. ಸೊಟ್ಟಗಳು ಹತ್ತು ಅಂತ ಪಟ್ಟಿ ಕೊಟ್ಟಿದ್ದಾರೆ. "ಮಗ ಫೋನ್ ತೆಗೀಲಿಲ್ಲ, ಅಂದ್ರೆ ನನ್ನ ಮೇಲೆ ಅಸಡ್ಡೆ" ಅನ್ನೋದು ಇನ್ನೊಬ್ಬರ ಮನಸ್ಸನ್ನು ನಾವೇ ಓದಿಬಿಡುವ ಸೊಟ್ಟ. ಇಲ್ಲಿ ಗಮನಿಸಿ, ಅವರು "ಮಗನಿಗೆ ನಾನಂದ್ರೆ ಪ್ರಾಣ" ಎಂದು ಬರೆಯಲು ಹೇಳುವುದಿಲ್ಲ. "ಗೊತ್ತಿಲ್ಲ, ಮೀಟಿಂಗಿನಲ್ಲಿರಬಹುದು, ಸಂಜೆ ಕೇಳುತ್ತೇನೆ" ಅಷ್ಟೇ. ಸಿಹಿ ಮಾತಿಗಿಂತ ಸರಿ ಲೆಕ್ಕ. ಹೀಗೆ ಪುಸ್ತಕ ಇಟ್ಟುಕೊಂಡು ತಾವೇ ಅಭ್ಯಾಸ ಮಾಡಿದವರಿಗೆ ಸಾಧಾರಣ ಮಟ್ಟದ ಖಿನ್ನತೆಯಲ್ಲಿ ಉಪಯೋಗವಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ದಪ್ಪ ಪುಸ್ತಕ. ಪೂರ್ತಿ ಓದುವ ಅಗತ್ಯ ಇಲ್ಲ. ಮೊದಲ ಮೂರ್ನಾಲ್ಕು ಅಧ್ಯಾಯ, ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಔಷಧಗಳ ಬಗ್ಗೆ ಇರುವ ಭಾಗ ಹಳೆಯದಾಗಿದೆ, ಅದನ್ನು ಬಿಟ್ಟು ನಿಮ್ಮ ವೈದ್ಯರನ್ನೇ ಕೇಳಿ.

ಹ್ಯಾರಿಸ್ ವಾದಕ್ಕೇ ಇಳಿಯುವುದಿಲ್ಲ. ಯೋಚನೆ ಬಂದರೆ ಬರಲಿ. "ನಾನು ಕೆಲಸಕ್ಕೆ ಬಾರದವನು" ಅನಿಸಿದರೆ, "ನಾನು ಕೆಲಸಕ್ಕೆ ಬಾರದವನು ಅನ್ನೋ ಯೋಚನೆ ನನಗೆ ಬರ್ತಿದೆ" ಎಂದು ಹೇಳಿಕೊಳ್ಳಿ. ಇಲ್ಲ, ಅದನ್ನೇ ಹ್ಯಾಪಿ ಬರ್ತ್‌ಡೇ ರಾಗದಲ್ಲಿ ಹಾಡಿ. ಹುಚ್ಚಾಟ ಅನಿಸುತ್ತದೆ, ಒಮ್ಮೆ ಹಾಡಿ ನೋಡಿ. ವಾಕ್ಯ ಅದೇ ಇರುತ್ತದೆ, ಅದರ ಹಲ್ಲು ಮಾತ್ರ ಉದುರಿರುತ್ತದೆ. ಆಮೇಲೆ ನಿಮಗೆ ಮುಖ್ಯವಾದದ್ದು ಏನೋ ಅದನ್ನು ಭಯದ ಜೊತೆಯಲ್ಲೇ ಮಾಡಿ ಅನ್ನುತ್ತಾರೆ. ಬಿಡ್ತು ಅನ್ನಬೇಕಾಗಿಲ್ಲ, ಯಾಕೆಂದರೆ ಯೋಚನೆಗೆ ಅಸ್ತು ಅನ್ನುವವರೇ ಯಾರೂ ಇಲ್ಲ.

ಯಾವುದು ನಿಮಗೆ? ಲೆಕ್ಕ, ಪಟ್ಟಿ, ಬರವಣಿಗೆ ಇಷ್ಟವಿದ್ದರೆ ಬರ್ನ್ಸ್. ವಾದ ಮಾಡಿ ಮಾಡಿ ಸುಸ್ತಾಗಿ, ಪ್ರತಿ ಉತ್ತರಕ್ಕೂ ಮನಸ್ಸು ಇನ್ನೊಂದು ಪ್ರಶ್ನೆ ಹಾಕುತ್ತಿದ್ದರೆ ಹ್ಯಾರಿಸ್. ನನಗೆ ಹ್ಯಾರಿಸ್ ಒಗ್ಗಿತು, ನನ್ನ ತಂಗಿಗೆ ಬರ್ನ್ಸ್. ಅವಳು ಬ್ಯಾಂಕಿನಲ್ಲಿದ್ದಾಳೆ.

ಸರಿ ಮಾಡೋಕೆ ಏನೂ ಉಳಿದಿಲ್ಲದಾಗ

ಸಾವು, ವಾಸಿಯಾಗದ ಕಾಯಿಲೆ, ಮುರಿದ ಮದುವೆ. ಇಲ್ಲಿ ವಿಧಾನ ಹೇಳುವ ಪುಸ್ತಕಗಳು ಬಾಯಿ ಬಿಡಬಾರದು.

ವಿಕ್ಟರ್ ಫ್ರಾಂಕ್ಲ್ ವಿಯೆನ್ನಾದ ಮನೋವೈದ್ಯ. ನಾಜಿ ಶಿಬಿರಗಳಲ್ಲಿ ಇದ್ದು ಬದುಕಿ ಬಂದವರು. ತಂದೆ, ತಾಯಿ, ಅಣ್ಣತಮ್ಮ, ಹೆಂಡತಿ ಉಳಿಯಲಿಲ್ಲ. 1946ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ ಪುಸ್ತಕ ಇಂಗ್ಲಿಷಿನಲ್ಲಿ 'ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್' ಎಂದು ಸಿಗುತ್ತದೆ. ಅದನ್ನು ಸ್ಫೂರ್ತಿಯ ಪುಸ್ತಕ ಅಂತ ಮಾರುತ್ತಾರೆ. ಆದರೆ ಅದರಲ್ಲಿ ಸುಳ್ಳು ಆಸೆ ಜನರನ್ನು ಹೇಗೆ ಕೊಂದಿತು ಅನ್ನೋದೂ ಇದೆ. 1944ರ ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ಹೋಗುತ್ತೇವೆ ಎಂದು ನಂಬಿದ್ದವರು, ಹಬ್ಬ ಕಳೆದರೂ ಏನೂ ಆಗದಿದ್ದಾಗ ಕುಸಿದರು, ಆ ವಾರ ಸಾವು ಏರಿತು ಎಂದು ಶಿಬಿರದ ವೈದ್ಯರ ಮಾತನ್ನು ಅವರು ಬರೆಯುತ್ತಾರೆ. ಚಿಕ್ಕ ಪುಸ್ತಕ. ಮೊದಲ ಭಾಗ ಸಾಕು, ಎರಡನೆಯದು ಅವರ ಚಿಕಿತ್ಸಾ ಪದ್ಧತಿ. ಒಂದು ಮಾತು, ಇದನ್ನು ದುಃಖದಲ್ಲಿರುವವರಿಗೆ "ಅವರೇ ತಡೆದುಕೊಂಡರು, ನಿಂದೇನು ಮಹಾ" ಅನ್ನೋ ಧಾಟಿಯಲ್ಲಿ ಕೊಡಬೇಡಿ. ಅವರಾಗಿಯೇ ಕೇಳಿದರೆ ಕೊಡಿ.

ದುಡ್ಡೇ ಇಲ್ಲ ಅಂದರೆ ಎಪಿಕ್ಟೆಟಸ್. ಗುಲಾಮನಾಗಿ ಹುಟ್ಟಿದ ಗ್ರೀಕ್ ಗುರು. ತಾನೇ ಏನೂ ಬರೆಯಲಿಲ್ಲ, ಶಿಷ್ಯ ಬರೆದಿಟ್ಟ. 'ಎಂಕಿರಿಡಿಯನ್' ಅಂದರೆ ಕೈಪಿಡಿ. ಹಳೆಯ ಇಂಗ್ಲಿಷ್ ಅನುವಾದಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, ಒಂದು ಸಂಜೆಯಲ್ಲಿ ಓದಿ ಮುಗಿಯುತ್ತದೆ. ಕೆಲವು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ ಅನ್ನೋದರಿಂದ ಶುರು. ಸ್ವಲ್ಪ ಮುಂದೆ, ಮಗುವನ್ನು ಮುದ್ದಿಸುವಾಗ ಇದು ಸಾಯುವ ಜೀವ ಎಂದು ನೆನಪಿಟ್ಟುಕೋ ಅನ್ನುತ್ತಾನೆ. ಅಮ್ಮ ಕೇಳಿದ್ದರೆ ಬಿಡ್ತು ಬಿಡ್ತು ಅಂದು ಬಾಯಿಗೆ ಬೆಲ್ಲ ಹಾಕುತ್ತಿದ್ದರು. 1965ರಲ್ಲಿ ವಿಯೆಟ್ನಾಂನಲ್ಲಿ ಸೆರೆಸಿಕ್ಕ ಅಮೆರಿಕದ ನೌಕಾಪಡೆಯ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್ 1973ರ ತನಕ ಈ ಕೈಪಿಡಿಯ ನೆನಪಿನ ಮೇಲೆ ಬದುಕಿದರು. ಕ್ರಿಸ್‌ಮಸ್ ಹೊತ್ತಿಗೆ ಬಿಡುಗಡೆ ಅಂತಿದ್ದವರೇ ಮೊದಲು ಕುಸಿದರು ಎಂದು ಅವರೂ ಹೇಳಿದ್ದಾರೆ. ಇಬ್ಬರು ಕೈದಿಗಳು, ಬೇರೆ ಯುದ್ಧ, ಒಂದೇ ಮಾತು.

ಆದರೆ ನಿನ್ನೆ ಮೊನ್ನೆ ಯಾರನ್ನೋ ಕಳೆದುಕೊಂಡವರಿಗೆ ಎಪಿಕ್ಟೆಟಸ್ ಬೇಡ. ಗಾಯಕ್ಕೆ ಉಪ್ಪು. ಹಾಗೇ ನಿಮ್ಮ ಸಮಸ್ಯೆ ಬೇರೆಯವರ ಅನ್ಯಾಯವಾಗಿದ್ದರೆ, ಸಹಿಸೋದನ್ನು ಕಲಿಸುವ ಪುಸ್ತಕ ಓದೋದಕ್ಕಿಂತ ದೂರು ಬರೆಯೋದು ಮೇಲು.

ಕನ್ನಡದಲ್ಲೇ ಬೇಕು ಅಂದರೆ

ಡಿ. ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ' 1943ರಲ್ಲಿ ಬಂತು, 945 ಪದ್ಯ. ಗೋಡೆಯ ಮೇಲೆ, ನಿವೃತ್ತಿ ಸಮಾರಂಭದಲ್ಲಿ, ವಾಟ್ಸಾಪಿನ ಬೆಳಗಿನ ಶುಭೋದಯದಲ್ಲಿ ನೋಡಿ ನೋಡಿ ಇದೂ ಸ್ಫೂರ್ತಿಯ ಸರಕು ಅಂದುಕೊಂಡುಬಿಟ್ಟಿದ್ದೇವೆ. ಕೂತು ಓದಿದರೆ ಬೇರೆಯೇ ಕಾಣುತ್ತದೆ. ಬದುಕನ್ನು ಜಟಕಾ ಬಂಡಿ ಮಾಡಿ, ನಮ್ಮನ್ನು ಕುದುರೆ ಮಾಡಿ, ವಿಧಿ ಹೇಳಿದರೆ ಮದುವೆಗೂ ಹೋಗು ಮಸಣಕ್ಕೂ ಹೋಗು ಅನ್ನುವ ಕವಿ ಯಾವ ಸೀಮೆಯ ಪಾಸಿಟಿವ್ ಥಿಂಕರ್? ದೇವರು ಇದ್ದಾನೋ ಇಲ್ಲವೋ, ಈ ಸೃಷ್ಟಿಗೆ ಅರ್ಥ ಇದೆಯೋ ಅನ್ನೋ ಅನುಮಾನ ಪುಸ್ತಕದ ಶುರುವಿನಲ್ಲೇ ಬರುತ್ತದೆ. ಉತ್ತರ ಗೊತ್ತಿಲ್ಲದೆಯೂ ಮಾಡುವ ಕೆಲಸ ಮಾಡು ಅನ್ನೋ ಧಾಟಿ.

ಕೆಟ್ಟ ರಾತ್ರಿಯ ಪರೀಕ್ಷೆಯಲ್ಲಿ ನನ್ನ ಮಟ್ಟಿಗೆ ಇದೇ ಮೊದಲು. ನಾಲ್ಕು ಸಾಲು ಓದಿ ಮುಚ್ಚಬಹುದು, ಯಾವ ಪುಟದಿಂದಲಾದರೂ. ಆದರೆ ಭಾಷೆ ಸುಲಭವಲ್ಲ, ಅರ್ಥ ಕೊಟ್ಟಿರುವ ಆವೃತ್ತಿಯನ್ನೇ ತೆಗೆದುಕೊಳ್ಳಿ. ನಾಳೆ ಬೆಳಗ್ಗೆಗೆ ವಿಧಾನವನ್ನೂ ಅದು ಕೊಡುವುದಿಲ್ಲ. ಅದಕ್ಕೆ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಕನ್ನಡ ಪುಸ್ತಕಗಳಿವೆ. ಆತಂಕ, ಖಿನ್ನತೆ, ನಿದ್ದೆ, ಸಂಸಾರದ ಜಗಳ, ಒಂದೊಂದಕ್ಕೂ ನೇರವಾಗಿ ಡಾಕ್ಟರು ಎದುರು ಕೂತು ಹೇಳಿದಂತೆ. ಅಪ್ಪ ಅಮ್ಮನಿಗೆ ಕೊಡಲು ಇಂಗ್ಲಿಷ್ ಪುಸ್ತಕಗಳಿಗಿಂತ ಇವೇ ವಾಸಿ.

ಇನ್ನು ಜೇಬು

ಏನೂ ಖರ್ಚು ಮಾಡದೆ ಆಗಬೇಕಾದರೆ ವೂಪ್‌ನ ನಾಲ್ಕು ಮೆಟ್ಟಿಲು, ಎಪಿಕ್ಟೆಟಸ್, ಮತ್ತು ಹತ್ತಿರದ ಗ್ರಂಥಾಲಯದ ಕಗ್ಗ. ಒಂದೇ ಒಂದು ಕೊಳ್ಳುವುದಾದರೆ, ಆರಾಮಾಗಿರುವವರು ಬರ್ಕ್‌ಮನ್, ಒದ್ದಾಡುತ್ತಿರುವವರು ಹ್ಯಾರಿಸ್ ಅಥವಾ ಬರ್ನ್ಸ್ ತೆಗೆದುಕೊಳ್ಳಿ. ಬೆಂಗಳೂರಿನವರು ಚರ್ಚ್ ಸ್ಟ್ರೀಟ್ ಮತ್ತು ಅವೆನ್ಯೂ ರೋಡಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಮೊದಲು ನೋಡಿ. ಬರ್ನ್ಸ್ ಹಳೆಯ ಪ್ರತಿ ಕೊಂಡರೆ ಒಳಗೆ ತಿರುವಿ ನೋಡಿ, ಹಿಂದಿನವರು ಉತ್ತರ ತುಂಬಿರುತ್ತಾರೆ. ನನಗೆ ಸಿಕ್ಕ ಪ್ರತಿಯಲ್ಲಿ ಯಾರೋ ಖಿನ್ನತೆ ಎಷ್ಟಿದೆ ಅಂತ ಅಳೆಯುವ ಮೊದಲ ಪ್ರಶ್ನಾವಳಿಯನ್ನು ಪೆನ್ಸಿಲ್ಲಿನಲ್ಲಿ ಮೂರು ಸಲ ತುಂಬಿದ್ದರು, ಮೂರು ಬೇರೆ ತಾರೀಖು ಹಾಕಿ, ಪ್ರತಿ ಸಲವೂ ಅಂಕ ಇಳಿದಿತ್ತು. ಅದನ್ನು ಅಳಿಸಲು ಮನಸ್ಸು ಬರಲಿಲ್ಲ.

ಎರಡು ವಾರಕ್ಕಿಂತ ಜಾಸ್ತಿ ಊಟ, ನಿದ್ದೆ, ಕೆಲಸ ಯಾವುದೂ ಸೇರದೆ ಇದ್ದರೆ, ಅಥವಾ ಬದುಕೇ ಬೇಡ ಅನಿಸುತ್ತಿದ್ದರೆ ಈ ಪಟ್ಟಿಯನ್ನು ಪಕ್ಕಕ್ಕಿಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.